ಮಿಶಿಗನ್ನಿನ ಉತ್ತರದ ಕಾಡಿನಲ್ಲಿ ಟೆಂಟಿಗೊಂದು ಜಾಗ

ಅಮೆರಿಕದ ಮಿಶಿಗನ್ ರಾಜ್ಯ ನೀರಿನಿಂದ ಎರಡು ತುಂಡಾಗಿದೆ. ಡೆಟ್ರಾಯ್ಟ್ ಇರುವ ದಕ್ಷಿಣದ ತುಂಡಿನಲ್ಲಿ ದೊಡ್ಡ ಊರುಗಳೂ ಕಾರ್ಖಾನೆಗಳೂ ಹೊಲಗಳೂ ಇವೆ. ಉತ್ತರದ ತುಂಡಾದ ಅಪ್ಪರ್ ಪೆನಿನ್ಸುಲಾ ಬಹುಪಾಲು ಕಾಡು. ಸುಪೀರಿಯರ್, ಮಿಶಿಗನ್, ಹ್ಯೂರಾನ್ ಎಂಬ ಮೂರು ಮಹಾಸರೋವರಗಳ ನಡುವೆ ಚಾಚಿಕೊಂಡಿರುವ ಈ ಭಾಗದಲ್ಲಿ 2020ರ ಜನಗಣತಿಯ ವೇಳೆಗೆ ಇದ್ದವರು ಸುಮಾರು 3 ಲಕ್ಷ ಜನ, ಅಂದರೆ ಇಡೀ ರಾಜ್ಯದ ಜನಸಂಖ್ಯೆಯ ಶೇ. 3ರಷ್ಟು. ಎರಡನ್ನೂ ಜೋಡಿಸುವ, ಸುಮಾರು 8 ಕಿ.ಮೀ. ಉದ್ದದ ಮ್ಯಾಕಿನಾ ಸೇತುವೆ 1957ರಲ್ಲಿ ಸಂಚಾರಕ್ಕೆ ತೆರೆಯಿತು. ಡೆಟ್ರಾಯ್ಟಿನಿಂದ ಸೇತುವೆಗೆ ನಾಲ್ಕೂವರೆ ತಾಸಿನ ದಾರಿ. ಅಲ್ಲಿಂದ ಮುಂದೆ ಕಾಡು ಶುರು.

ಇಲ್ಲಿ ರಾತ್ರಿ ಕಳೆಯಲು ಎರಡು ಬಗೆಯ ಜಾಗಗಳಿವೆ. ಮೊದಲನೆಯದು ಕ್ಯಾಂಪ್‌ಗ್ರೌಂಡ್. ಸಂಖ್ಯೆ ಹಾಕಿದ ಜಾಗ, ಮರದ ಮೇಜು, ಬೆಂಕಿಗೆ ಕಬ್ಬಿಣದ ಬಳೆ, ಹತ್ತಿರದಲ್ಲೊಂದು ಶೌಚಾಲಯ, ಸಾಮಾನ್ಯವಾಗಿ ಕುಡಿಯುವ ನೀರು ಅಲ್ಲಿರುತ್ತವೆ. ಎರಡನೆಯದು ಡಿಸ್ಪರ್ಸ್ಡ್ ಕ್ಯಾಂಪಿಂಗ್. ಸರ್ಕಾರಿ ಕಾಡಿನೊಳಗೆ ಯಾವ ಸೌಕರ್ಯವೂ ಇಲ್ಲದ ಕಡೆ, ನಿಯಮ ಒಪ್ಪುವ ಜಾಗ ಹುಡುಕಿಕೊಂಡು ಟೆಂಟ್ ಹಾಕುವುದು. ಕನ್ನಡದಲ್ಲಿ ಇದನ್ನು ಬಿಡಿ ಬಿಡಾರ ಎನ್ನಬಹುದು. ಕರ್ನಾಟಕದ ಕಾಡು ನೋಡಿ ಬೆಳೆದವರಿಗೆ ಈ ಎರಡನೆಯ ಬಗೆ ನಂಬಲು ಕಷ್ಟ. 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಕಾಲಿಡುವುದೇ ಅಪರಾಧ. ಮಿಶಿಗನ್ನಿನಲ್ಲಾದರೋ ಕಾಡಿನ ದೊಡ್ಡ ಪಾಲಿನಲ್ಲಿ ಹಣ ಕೊಡದೆ ವಾರಗಟ್ಟಲೆ ತಂಗಬಹುದು. ಹಾಗೆಂದು ಎಲ್ಲೆಂದರಲ್ಲಿ ತಂಗಲಾಗದು. ಜಾಗ ಆರಿಸುವ ಕೆಲಸದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ನೋಟದ್ದಲ್ಲ, ನೆಲ ಯಾರದು ಎಂಬುದು.

ನೆಲ ಯಾರದು

ಈ ಕಾಡು ಹೊರಗಿನಿಂದ ಒಂದೇ ಹಾಸಿನಂತೆ ಕಂಡರೂ ಒಡೆತನ ಚೌಕಾಬಾರದ ಮನೆಗಳ ಹಾಗೆ ಹಂಚಿಹೋಗಿದೆ. ಇದಕ್ಕೆ ಹಿನ್ನೆಲೆಯಿದೆ. 19ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮರದ ಕಂಪನಿಗಳು ಇಲ್ಲಿನ ಬಿಳಿ ಪೈನ್ ಮರಗಳನ್ನು ಕಡಿದು ಮುಗಿಸಿದವು. ಬೋಳಾದ ನೆಲದಲ್ಲಿ ಬೇಸಾಯ ಹತ್ತಲಿಲ್ಲ. ತೆರಿಗೆ ಕಟ್ಟಲಾಗದೆ ಮಾಲೀಕರು ಬಿಟ್ಟುಹೋದ ಜಮೀನು ಸರ್ಕಾರದ ಕೈಗೆ ಬಂತು, ಕಾಡನ್ನು ಮತ್ತೆ ಬೆಳೆಸುವ ಕೆಲಸ ಶುರುವಾಯಿತು. 1930ರ ದಶಕದಲ್ಲಿ ನಿರುದ್ಯೋಗಿ ಯುವಕರನ್ನು ಸೇರಿಸಿಕೊಂಡು ಕಟ್ಟಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ದಳ ಮಿಶಿಗನ್ ಒಂದರಲ್ಲೇ 48 ಕೋಟಿಗೂ ಹೆಚ್ಚು ಸಸಿ ನೆಟ್ಟಿತು. ಇಂದಿಗೂ ಕೆಲವೆಡೆ ಪೈನ್ ಮರಗಳು ಅಡಿಕೆ ತೋಟದಂತೆ ಸಾಲುಸಾಲಾಗಿ ನಿಂತಿರುವುದು ಅದರ ಗುರುತು.

ಹೀಗೆ ಬಂದ ನೆಲದಲ್ಲಿ ಒಂದು ಪಾಲು ರಾಜ್ಯದ್ದು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ನೋಡಿಕೊಳ್ಳುವ ಈ ಸ್ಟೇಟ್ ಫಾರೆಸ್ಟ್ ಕಾಡುಗಳು ಮಿಶಿಗನ್ ಉದ್ದಕ್ಕೂ ಸುಮಾರು 40 ಲಕ್ಷ ಎಕರೆಯಷ್ಟಿವೆ. ಇಲ್ಲಿ ಬಿಡಿ ಬಿಡಾರಕ್ಕೆ ದುಡ್ಡಿಲ್ಲ, ಮುಖ್ಯ ಷರತ್ತುಗಳು ಮಾತ್ರ ಇವೆ: ಇಲಾಖೆಯ ಕ್ಯಾಂಪ್‌ಗ್ರೌಂಡಿನಿಂದ ಒಂದು ಮೈಲಿಗಿಂತ ಹೆಚ್ಚು ದೂರವಿರಬೇಕು, ಬಿಡಾರ ನಿಷೇಧದ ಫಲಕ ಇರಬಾರದು, ಒಂದೇ ಜಾಗದಲ್ಲಿ 15 ದಿನ ಮೀರಬಾರದು, ಕ್ಯಾಂಪ್ ರಿಜಿಸ್ಟ್ರೇಶನ್ ಕಾರ್ಡ್ ಎಂಬ ಚೀಟಿಯನ್ನು ತುಂಬಿ ಬಿಡಾರದಲ್ಲಿ ಎದ್ದು ಕಾಣುವಂತೆ ಕಟ್ಟಬೇಕು. ಚೀಟಿಯನ್ನು ಇಲಾಖೆಯ ಜಾಲತಾಣದಿಂದ ಮನೆಯಲ್ಲೇ ಮುದ್ರಿಸಿಕೊಂಡು ಹೋಗುವುದು ಮೇಲು. ಅದನ್ನೊಂದು ಪ್ಲಾಸ್ಟಿಕ್ ಕವರಿಗೆ ಹಾಕದಿದ್ದರೆ ಮೊದಲ ರಾತ್ರಿಯ ಮಂಜಿಗೇ ಶಾಯಿ ಕದಡಿಹೋಗುತ್ತದೆ.

ಇನ್ನೊಂದು ಪಾಲು ಕೇಂದ್ರ ಸರ್ಕಾರದ ಅರಣ್ಯ ಸೇವೆಗೆ ಸೇರಿದ ನ್ಯಾಶನಲ್ ಫಾರೆಸ್ಟ್. ಪೂರ್ವಕ್ಕೆ ಮತ್ತು ನಡುವೆ ಹಯವಾಥಾ, ಪಶ್ಚಿಮಕ್ಕೆ ಆಟವಾ. ಎರಡೂ 1931ರಲ್ಲಿ ಹುಟ್ಟಿದವು, ಎರಡೂ ಹತ್ತಿರಹತ್ತಿರ 10 ಲಕ್ಷ ಎಕರೆಯವು. ಇಲ್ಲಿ ಬಿಡಿ ಬಿಡಾರಕ್ಕೆ ಸಾಮಾನ್ಯವಾಗಿ ಚೀಟಿಯೂ ಬೇಡ. ತಂಗುವ ಮಿತಿ ಎರಡು ವಾರದ ಆಸುಪಾಸು. ಆದರೆ ಇದೇ ಕಾಡಿನೊಳಗೂ ಅಪವಾದಗಳಿವೆ. ಆಟವಾದಲ್ಲಿರುವ ಸಿಲ್ವೇನಿಯಾ ವನ್ಯಪ್ರದೇಶದಲ್ಲಿ 34 ಸರೋವರಗಳಿದ್ದು, ದೋಣಿಯಲ್ಲಿ ಹೋಗಿ ತಂಗುವವರು ಗುರುತಿಸಿದ ಜಾಗಗಳಲ್ಲಿಯೇ ಟೆಂಟ್ ಹಾಕಬೇಕು.

ಮೂರನೆಯದು ರಾಷ್ಟ್ರೀಯ ಉದ್ಯಾನ ಸೇವೆಯದು. ಮ್ಯೂನಿಸಿಂಗ್‌ನಿಂದ ಗ್ರ್ಯಾಂಡ್ ಮರೇವರೆಗೆ ಸುಪೀರಿಯರ್ ದಂಡೆಯಲ್ಲಿ ಹಬ್ಬಿರುವ ಪಿಕ್ಚರ್ಡ್ ರಾಕ್ಸ್ ತೀರ 1966ರಲ್ಲಿ ಘೋಷಣೆಯಾದದ್ದು, ದೇಶದ ಮೊದಲ ನ್ಯಾಶನಲ್ ಲೇಕ್‌ಶೋರ್. ಬಣ್ಣದ ಕಲ್ಲುಗೋಡೆಗಳನ್ನು ನೋಡಲು ಎಲ್ಲರೂ ಬರುವುದು ಇಲ್ಲಿಗೆ, ಎಡವುವುದೂ ಇಲ್ಲೇ. ಇದರ ಗಡಿಯೊಳಗೆ ಬಿಡಿ ಬಿಡಾರ ಇಲ್ಲವೇ ಇಲ್ಲ. ಕಾರು ಹೋಗುವ ಮೂರು ಕ್ಯಾಂಪ್‌ಗ್ರೌಂಡುಗಳಿಗೂ ಬೆನ್ನಿಗೆ ಚೀಲ ಹಾಕಿಕೊಂಡು ನಡೆದು ಸೇರುವ ತಾಣಗಳಿಗೂ ಮೊದಲೇ ಕಾದಿರಿಸಬೇಕು. ಬೇಸಿಗೆಯ ವಾರಾಂತ್ಯಗಳು ತಿಂಗಳುಗಳ ಮುಂಚೆಯೇ ತುಂಬಿಹೋಗಿರುತ್ತವೆ. ಜಾಗ ಸಿಗದವರು ಹತ್ತಿರದ ಹಯವಾಥಾ ಕಾಡಿನಲ್ಲೋ ರಾಜ್ಯದ ಕಾಡಿನಲ್ಲೋ ತಂಗಿ ಹಗಲು ಹೊತ್ತು ತೀರಕ್ಕೆ ಬರುವುದು ಒಳ್ಳೆಯ ಉಪಾಯ.

ಹೊಸಬರಿಗೆ ಗೊತ್ತಿಲ್ಲದ್ದು ನಾಲ್ಕನೆಯದು. ರಾಜ್ಯದ ಒಂದು ಕಾನೂನಿನಡಿ ತೆರಿಗೆ ರಿಯಾಯಿತಿ ಪಡೆದ ಖಾಸಗಿ ಕಾಡು 20 ಲಕ್ಷ ಎಕರೆಗೂ ಹೆಚ್ಚಿದ್ದು, ಅದರ ಬಹುಪಾಲು ಅಪ್ಪರ್ ಪೆನಿನ್ಸುಲಾದಲ್ಲೇ ಇದೆ. ಕಮರ್ಶಿಯಲ್ ಫಾರೆಸ್ಟ್ ಎಂದು ಇದರ ಹೆಸರು. ಬೇಟೆಗೆ, ಮೀನು ಹಿಡಿಯಲು ಯಾರು ಬೇಕಾದರೂ ಇಲ್ಲಿಗೆ ಹೋಗಬಹುದು. ಬೇಲಿಯಿಲ್ಲ, ಮೋಪಿನ ಲಾರಿ ಓಡಾಡಿದ ಒಳ್ಳೆಯ ರಸ್ತೆಯಿದೆ, ಟೆಂಟಿಗೆ ಹೇಳಿ ಮಾಡಿಸಿದಂಥ ಬಯಲುಗಳಿವೆ. ಆದರೆ ಮಾಲೀಕರ ಒಪ್ಪಿಗೆಯಿಲ್ಲದೆ ಅಲ್ಲಿ ಬಿಡಾರ ಹೂಡುವಂತಿಲ್ಲ. ಫೋನಿನ ಸಾಧಾರಣ ನಕ್ಷೆಯಲ್ಲಿ ಎಲ್ಲವೂ ಒಂದೇ ಹಸಿರು, ಆದ್ದರಿಂದ ಒಡೆತನವನ್ನು ಬಣ್ಣದಲ್ಲಿ ಬೇರೆ ಮಾಡಿ ತೋರಿಸುವ ನಕ್ಷೆಯೇ ಬೇಕು. ಕೀವಿನಾ ಕೊಲ್ಲಿಯ ಬಳಿ, ಬೇ ಮಿಲ್ಸ್ ಕಡೆ ಒಜಿಬ್ವೆ ಮೂಲನಿವಾಸಿಗಳ ಸ್ವಾಧೀನದ ನೆಲವಿದೆ; ಅಲ್ಲಿ ಅವರ ಆಡಳಿತದ ನಿಯಮವೇ ನಿಯಮ.

ಯಾರಿಗೆ ಯಾವುದು

ಚಿಕ್ಕ ಮಕ್ಕಳಿರುವವರು, ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೊರಟವರು, ಜೀವಮಾನದಲ್ಲಿ ಮೊದಲ ಬಾರಿ ಟೆಂಟಿನಲ್ಲಿ ಮಲಗುವವರು ಸ್ಟೇಟ್ ಪಾರ್ಕಿನ ಮಾಡರ್ನ್ ಕ್ಯಾಂಪ್‌ಗ್ರೌಂಡ್ ಆರಿಸಿಕೊಳ್ಳುವುದು ಸರಿ. ವಿದ್ಯುತ್ತು, ಬಿಸಿನೀರಿನ ಸ್ನಾನ, ಫ್ಲಶ್ ಶೌಚಾಲಯ ಇರುತ್ತವೆ. ಟಕ್ವಾಮೆನನ್ ಜಲಪಾತದ ಪಾರ್ಕ್ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 200 ಅಡಿ ಅಗಲಕ್ಕೆ, 50 ಅಡಿಯಷ್ಟು ಎತ್ತರದಿಂದ ಚಹಾದ ಬಣ್ಣದ ನೀರು ಬೀಳುವುದನ್ನು ನೋಡಿ ಸಂಜೆಗೆ ಬಿಸಿನೀರು ಮೀಯಬಹುದು. ಬೆಲೆ ತೆರಬೇಕಾದದ್ದು ಏಕಾಂತದಲ್ಲಿ. ಪಕ್ಕದ ಟೆಂಟಿನವರ ಮಾತು ಪೂರ್ತಿ ಕೇಳುತ್ತದೆ.

ಇದಕ್ಕೂ ಬಿಡಿ ಬಿಡಾರಕ್ಕೂ ನಡುವಿನ ಮೆಟ್ಟಿಲು ಸ್ಟೇಟ್ ಫಾರೆಸ್ಟ್ ಕ್ಯಾಂಪ್‌ಗ್ರೌಂಡ್. ಈ ಪ್ರದೇಶದ ನಿಜವಾದ ಸಂಪತ್ತು ಇದೇ, ಮೆಚ್ಚಬೇಕಾದ್ದು ಇದನ್ನೇ. ಯಾವುದೋ ಸಣ್ಣ ಸರೋವರದ ಅಥವಾ ಹೊಳೆಯ ದಂಡೆಯಲ್ಲಿ ಒಂದಷ್ಟೇ ಜಾಗಗಳು, ನಡುನಡುವೆ ಮರಗಳ ಮರೆ, ಗುಂಡಿ ಶೌಚಾಲಯ, ಒಂದು ಕೈಪಂಪು. ಬಹಳಷ್ಟು ಕಡೆ ಮೊದಲು ಬಂದವರಿಗೆ ಮೊದಲ ಆದ್ಯತೆ. ಪದ್ಧತಿ ಹೀಗೆ: ಮೊದಲು ಒಂದು ಸುತ್ತು ಹೊಡೆದು ಖಾಲಿ ಜಾಗ ನೋಡಬೇಕು. ಖಾಲಿ ಎಂದರೆ ಟೆಂಟ್ ಇಲ್ಲದ್ದಲ್ಲ, ಕಂಬದ ಮೇಲೆ ಚೀಟಿ ಇಲ್ಲದ್ದು. ಮೀನು ಹಿಡಿಯಲು ಹೋದವರು ಸಾಮಾನೆಲ್ಲ ದೋಣಿಗೆ ಹಾಕಿಕೊಂಡು ಹೋಗಿರಬಹುದು. ಒಪ್ಪಿದ ಜಾಗದಲ್ಲಿ ಒಂದು ಕುರ್ಚಿ ಇಟ್ಟು ಬಾಗಿಲಿನ ಬಳಿಯ ಫಲಕಕ್ಕೆ ಬಂದರೆ ಅಲ್ಲಿ ಲಕೋಟೆಗಳಿರುತ್ತವೆ. ಹೆಸರು, ಕಾರಿನ ಸಂಖ್ಯೆ, ರಾತ್ರಿಗಳ ಲೆಕ್ಕ ಬರೆದು, ಹಣ ಒಳಗಿಟ್ಟು, ನೆಲದಲ್ಲಿ ಹೂತ ಕಬ್ಬಿಣದ ಕೊಳವೆಯ ಸೀಳಿನಲ್ಲಿ ಇಳಿಬಿಡಬೇಕು. ಹರಿದುಕೊಂಡ ತುಂಡನ್ನು ತಂದು ತಮ್ಮ ಕಂಬಕ್ಕೆ ಸಿಕ್ಕಿಸಬೇಕು. ಚಿಲ್ಲರೆ ಕೊಡಲು ಅಲ್ಲಿ ಯಾರೂ ಇರುವುದಿಲ್ಲವಾದ್ದರಿಂದ ಬಿಡಿ ನೋಟುಗಳು ಜೇಬಿನಲ್ಲಿರಲಿ. ರಾಜ್ಯದ ಪಾರ್ಕು, ಕಾಡಿನ ಕ್ಯಾಂಪ್‌ಗ್ರೌಂಡ್ ಎರಡಕ್ಕೂ ಕಾರಿಗೆ ರಿಕ್ರಿಯೇಶನ್ ಪಾಸ್‌ಪೋರ್ಟ್ ಎಂಬ ಪರವಾನಗಿ ಬೇಕು. ಮಿಶಿಗನ್ನಿನವರು ವಾಹನ ನೋಂದಣಿ ನವೀಕರಿಸುವಾಗಲೇ ಅದನ್ನು ಸೇರಿಸಿಕೊಳ್ಳಬಹುದು, ಹೊರ ರಾಜ್ಯದವರು ಬೇರೆಯಾಗಿ ಕೊಳ್ಳಬೇಕು.

ಬಿಡಿ ಬಿಡಾರ ಅಗ್ಗವೆಂಬ ಕಾರಣಕ್ಕೆ ಆರಿಸಿಕೊಳ್ಳುವಂಥದ್ದಲ್ಲ. ನೀರು, ಶೌಚ, ಕಸ, ಬೆಳಕು, ತುರ್ತಿಗೆ ಕರೆಯಬಹುದಾದ ನೆರೆಹೊರೆ ಇವೆಲ್ಲವನ್ನೂ ಜೊತೆಗೆ ಒಯ್ಯಬಲ್ಲವರಿಗೆ, ಇಲ್ಲವೆ ಇಲ್ಲದೆ ನಿಭಾಯಿಸಬಲ್ಲವರಿಗೆ ಅದು. ಮೊದಲ ಪ್ರವಾಸದಲ್ಲಿ ಒಂದೆರಡು ರಾತ್ರಿ ಕೈಪಂಪಿನ ಕ್ಯಾಂಪ್‌ಗ್ರೌಂಡಿನಲ್ಲಿ ಕಳೆದು, ಏನು ಮರೆತು ಬಂದದ್ದಾಯಿತು ಎಂದು ತಿಳಿದ ಮೇಲೆ ಕಾಡಿನೊಳಕ್ಕೆ ಹೋಗುವುದು ಕ್ಷೇಮ. ಕನ್ನಡಿಗರ ಕುಟುಂಬಗಳು ಐದಾರು ಒಟ್ಟಾಗಿ ಹೊರಡುವುದು ವಾಡಿಕೆ. ಒಂದು ಜಾಗಕ್ಕೆ ಎಷ್ಟು ಜನ, ಎಷ್ಟು ಕಾರು ಎಂಬ ಮಿತಿ ಎಲ್ಲ ಕ್ಯಾಂಪ್‌ಗ್ರೌಂಡುಗಳಲ್ಲೂ ಇರುತ್ತದಾದ್ದರಿಂದ ಗುಂಪುಗಳಿಗೆಂದೇ ಇರುವ ಜಾಗವನ್ನು ಕಾದಿರಿಸಬೇಕು. ಬಿಡಿ ಬಿಡಾರದ ಒಂದು ಪುಟ್ಟ ಬಯಲಿಗೆ ಎರಡು ಕಾರು, ಎರಡು ಮೂರು ಟೆಂಟ್ ಹೆಚ್ಚೆಂದರೆ ಹೆಚ್ಚು. ಅದಕ್ಕಿಂತ ದೊಡ್ಡ ಗುಂಪು ಇಳಿದರೆ ಆ ನೆಲ ವರ್ಷಗಳವರೆಗೆ ಚೇತರಿಸಿಕೊಳ್ಳುವುದಿಲ್ಲ. ನ್ಯಾಶನಲ್ ಫಾರೆಸ್ಟಿನಲ್ಲಿ 75 ಮತ್ತು ಅದಕ್ಕಿಂತ ಹೆಚ್ಚು ಜನ ಸೇರುವುದಾದರೆ ಮುಂಚಿತವಾಗಿ ಅನುಮತಿ ಪತ್ರವೇ ಬೇಕು.

ಯಾವ ಕಾಲ

ಏಪ್ರಿಲ್ ಮತ್ತು ಮೇ ಮೊದಲ ಭಾಗದಲ್ಲಿ ಹಿಮ ಕರಗಿ ಕಾಡಿನ ರಸ್ತೆಗಳೆಲ್ಲ ಕೆಸರು. ಮೇ ನಡುವಿನಿಂದ ಜೂನ್ ಕೊನೆಯ ತನಕ ಬ್ಲ್ಯಾಕ್ ಫ್ಲೈ ಎಂಬ ಕರಿನೊಣದ ಕಾಟ. ಹರಿಯುವ ನೀರಿನಲ್ಲಿ ಹುಟ್ಟುವ ಇದು ಕಿವಿಯ ಹಿಂದೆ, ಕೂದಲಂಚಿನಲ್ಲಿ ಕಚ್ಚಿ ರಕ್ತ ಬರಿಸುತ್ತದೆ. ಜೂನ್, ಜುಲೈ ಸೊಳ್ಳೆಯ ತಿಂಗಳು. ಸುಪೀರಿಯರ್ ಸರೋವರದ ಮರಳ ದಂಡೆಯಲ್ಲಿ ಬೇಸಿಗೆಯ ಬಿಸಿ ದಿನಗಳಂದು ದಕ್ಷಿಣದ ಗಾಳಿ ಬೀಸಿದರೆ ಕಾಲಿಗೆ ಕಚ್ಚುವ ಸ್ಟೇಬಲ್ ನೊಣಗಳು ಸೇರಿ ದಂಡೆಯಲ್ಲಿ ಕೂರಲು ಬಿಡುವುದಿಲ್ಲ. ಉತ್ತರದ ಗಾಳಿ ಬಂದರೆ ಅವು ಕಾಣುವುದಿಲ್ಲ. ಹಾಗಾಗಿ ದಂಡೆಯ ಜಾಗ ಆರಿಸುವ ಮುನ್ನ ಗಾಳಿಯ ದಿಕ್ಕಿನ ಮುನ್ಸೂಚನೆ ನೋಡುವುದು ಇಲ್ಲಿನವರ ರೂಢಿ. ಉಣ್ಣೆಗಳು ವಸಂತದಿಂದ ಶರತ್ಕಾಲದವರೆಗೂ ಇರುತ್ತವೆ. ಲೈಮ್ ಕಾಯಿಲೆ ಹರಡುವ ಜಾತಿಯೂ ಅದರಲ್ಲಿ ಸೇರಿದೆ. ಹುಲ್ಲುಗಾವಲಿನ ನಡುವೆ ಟೆಂಟ್ ಹಾಕದಿರುವುದಕ್ಕೆ ಇದೊಂದೇ ಕಾರಣ ಸಾಕು.

ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ಮುಗಿಯುವವರೆಗಿನ ಅವಧಿಯೇ ಬಿಡಾರಕ್ಕೆ ಅತ್ಯುತ್ತಮ. ಕೀಟ ಕಡಿಮೆ, ಜನ ಕಡಿಮೆ, ತಿಂಗಳ ಕೊನೆಗೆ ಮೇಪಲ್ ಎಲೆಗಳು ಬಣ್ಣ ತಿರುಗುತ್ತವೆ. ಬದಲಿಗೆ ರಾತ್ರಿ ಚಳಿ ಬಿಗಿಯುತ್ತದೆ, ಹಗಲು ಕುಗ್ಗುತ್ತದೆ. ಜೂನ್ ಕೊನೆಯಲ್ಲಿ ಮಾರ್ಕ್ವೆಟ್ ಊರಿನಲ್ಲಿ ಸೂರ್ಯ ಮುಳುಗುವುದು ರಾತ್ರಿ 9:45ರ ಸುಮಾರಿಗೆ; ಅಕ್ಟೋಬರ್ ನಡುವೆ ಏಳರ ಸುಮಾರಿಗೇ. ನವೆಂಬರ್ 15ರಿಂದ 30ರವರೆಗೆ ಬಂದೂಕಿನಿಂದ ಜಿಂಕೆ ಬೇಟೆಯಾಡುವ ಕಾಲ. ಬಿಡಿ ಬಿಡಾರದ ಒಳ್ಳೊಳ್ಳೆಯ ಜಾಗಗಳನ್ನೆಲ್ಲ ಬೇಟೆಗಾರರು ಮೊದಲೇ ಹಿಡಿದಿರುತ್ತಾರೆ. ಆ ದಿನಗಳಲ್ಲಿ ಕಾಡಿಗೆ ಹೋಗಲೇಬೇಕಿದ್ದರೆ ಮೈಮೇಲೆ ಕಣ್ಣು ಕೋರೈಸುವ ಕಿತ್ತಳೆ ಬಣ್ಣದ ಬಟ್ಟೆ ಇರಬೇಕು.

ವಾರದಲ್ಲಿ ಯಾವ ದಿನ ತಲುಪುವುದು ಎಂಬುದೂ ಜಾಗ ಆರಿಸುವುದರದೇ ಭಾಗ. ಶುಕ್ರವಾರ ಸಂಜೆ ಬಂದವರಿಗೆ ಉಳಿದದ್ದೇ ಗತಿ. ಭಾನುವಾರ ಮಧ್ಯಾಹ್ನ ಜನ ಖಾಲಿ ಮಾಡುವ ಹೊತ್ತಿಗೆ ಬಂದವರಿಗೆ ನೀರಂಚಿನ ಜಾಗ ಸಿಗುತ್ತದೆ. ಒಂದು ಚಿಕ್ಕ ಸಂಗತಿ: ವಿಸ್ಕಾನ್ಸಿನ್ ಗಡಿಗೆ ತಾಗಿದ ಗೋಗೀಬಿಕ್, ಐರನ್, ಡಿಕಿನ್ಸನ್, ಮೆನಾಮಿನಿ ಎಂಬ ನಾಲ್ಕು ಕೌಂಟಿಗಳ ಗಡಿಯಾರ ಉಳಿದ ಮಿಶಿಗನ್ನಿಗಿಂತ ಒಂದು ಗಂಟೆ ಹಿಂದೆ. ಗಡಿಯ ಹತ್ತಿರ ಫೋನು ಎರಡೂ ಸಮಯಗಳ ನಡುವೆ ಹೊಯ್ದಾಡುವುದರಿಂದ ಕಚೇರಿ ಮುಚ್ಚುವ ವೇಳೆಯನ್ನು ಲೆಕ್ಕ ಹಾಕಿ ನೋಡಬೇಕು.

ನಕ್ಷೆಯಿಂದ ರಸ್ತೆಗೆ

ನ್ಯಾಶನಲ್ ಫಾರೆಸ್ಟಿನಲ್ಲಿ ಬಿಡಿ ಬಿಡಾರ ಹುಡುಕಲು ಮೋಟಾರ್ ವೆಹಿಕಲ್ ಯೂಸ್ ಮ್ಯಾಪ್ ಎಂಬ ನಕ್ಷೆ ಬೇಕೇ ಬೇಕು. ಅರಣ್ಯ ಸೇವೆ ಅದನ್ನು ಉಚಿತವಾಗಿ ಕೊಡುತ್ತದೆ. ಕಪ್ಪು ಬಿಳುಪಿನ, ಬೆಟ್ಟ ಹಳ್ಳ ಯಾವುದನ್ನೂ ತೋರಿಸದ ಒಣ ನಕ್ಷೆ ಅದು. ಆದರೆ ಕಾನೂನಿನ ಮಾತು ಅದರಲ್ಲೇ ಇದೆ. ಅದರಲ್ಲಿಲ್ಲದ ರಸ್ತೆ ಕಾಡಿನಲ್ಲಿ ಕಣ್ಣೆದುರಿಗೇ ಇದ್ದರೂ ವಾಹನಕ್ಕೆ ಮುಚ್ಚಿದೆ ಎಂದೇ ಅರ್ಥ. ಇದರ ಜೊತೆಗೆ ಏರು ತಗ್ಗು ತೋರಿಸುವ ಇನ್ನೊಂದು ನಕ್ಷೆಯನ್ನೂ ಉಪಗ್ರಹ ಚಿತ್ರವನ್ನೂ ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಬೇಕು, ಏಕೆಂದರೆ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಹೋದರೆ ಬಹಳ ಕಡೆ ಸಿಗ್ನಲ್ ಇಲ್ಲ. ಕಾಗದದ ನಕ್ಷೆ ಒಂದಿದ್ದರೆ ಬ್ಯಾಟರಿಯ ಚಿಂತೆಯಿಲ್ಲ.

ನಕ್ಷೆ ನೋಡುವಾಗ ಮೂರು ನಾಲ್ಕು ಜಾಗ ಗುರುತು ಹಾಕಿಕೊಳ್ಳುವುದು ವಾಸಿ, ಒಂದನ್ನೇ ನಂಬಿ ಹೊರಡುವುದು ತಪ್ಪು. ಮೊದಲನೆಯ ಜಾಗದಲ್ಲಿ ಆಗಲೇ ಯಾರೋ ಇರುತ್ತಾರೆ, ಎರಡನೆಯದಕ್ಕೆ ಹೋಗುವ ದಾರಿಗೆ ಮರ ಬಿದ್ದಿರುತ್ತದೆ. ಕಾಡಿನ ರಸ್ತೆಗಳ ಪೈಕಿ ಅಗಲವಾದ ಜಲ್ಲಿರಸ್ತೆಗಳು ಸಾಧಾರಣ ಕಾರಿಗೆ ಸಲೀಸು. ಅವುಗಳಿಂದ ಕವಲೊಡೆಯುವ ಎರಡು ಗಾಲಿಗೆರೆಯ ದಾರಿಗಳಲ್ಲಿ, ಅಂದರೆ ಟೂ-ಟ್ರ್ಯಾಕುಗಳಲ್ಲಿ, ಕಷ್ಟವಿದೆ. ಪೂರ್ವ ಭಾಗದಲ್ಲಿ ಸೀನಿ, ಗ್ರ್ಯಾಂಡ್ ಮರೇ ಸುತ್ತ ಮರಳು. ಮಳೆ ಬಿದ್ದಾಗ ಗಟ್ಟಿ, ಬಿಸಿಲಿಗೆ ಸಡಿಲ. ಪಶ್ಚಿಮದಲ್ಲಿ ಕೆಲವೆಡೆ ಜೇಡಿಮಣ್ಣು. ಅದಕ್ಕೆ ಮಳೆಯೇ ಶತ್ರು. ಯಾವ ಕವಲಿಗೇ ಆಗಲಿ ಕಾರು ತಿರುಗಿಸುವ ಮುನ್ನ ಇಳಿದು ನೂರಿನ್ನೂರು ಹೆಜ್ಜೆ ನಡೆದು ನೋಡಬೇಕು. ಆ ನಡಿಗೆಯಲ್ಲಿ ನೋಡಬೇಕಾದ್ದು ಮುಖ್ಯವಾಗಿ ಒಂದೇ: ವಾಪಸು ತಿರುಗಿಸಿಕೊಳ್ಳಲು ಜಾಗವಿದೆಯೇ. ಮೈಲಿಗಟ್ಟಲೆ ರಿವರ್ಸ್ ಬರುವುದು ಕತ್ತಲಲ್ಲಿ ಆಗದ ಕೆಲಸ, ಇಂಥ ದಾರಿಗೆ ಎಳೆಯುವ ವಾಹನ ಕರೆಸಲು ಫೋನೂ ಇಲ್ಲ, ಬಂದರೂ ದುಬಾರಿ.

ನೆಲ ಓದುವುದು

ಸೂರ್ಯ ಮುಳುಗಲು ಎರಡು ಗಂಟೆಯಾದರೂ ಇರುವಾಗ ಜಾಗ ತಲುಪಬೇಕು. ನೆಲ ತನ್ನ ವಿಚಾರ ಹೇಳುವುದು ಬೆಳಕಿನಲ್ಲಿ ಮಾತ್ರ. ಉದಾಹರಣೆಗೆ ಹಯವಾಥಾ ಕಾಡಿನಲ್ಲಿ ಟೂ-ಟ್ರ್ಯಾಕಿನ ಪಕ್ಕ ಹಿಂದೆ ಯಾರೋ ತಂಗಿದ್ದ ಒಂದು ಬಯಲು ಸಿಕ್ಕಿತೆಂದುಕೊಳ್ಳಬಹುದು. ಸುತ್ತ ಕೆಂಪು ಪೈನ್ ಮರಗಳು, ಕಾಲಡಿ ಸೂಜಿ ಎಲೆಗಳ ಮೆತ್ತೆ, ನಡುವೆ ಕಲ್ಲು ಜೋಡಿಸಿದ ಹಳೆಯ ಬೆಂಕಿಗುಂಡಿ. ಇದು ಶುಭಲಕ್ಷಣ. ಹೊಸ ನೆಲ ತುಳಿಯುವುದಕ್ಕಿಂತ ಹಿಂದೆ ತಂಗಿದ ಜಾಗದಲ್ಲೇ ತಂಗುವುದು ಕಾಡಿಗೂ ಹಿತ, ತಂಗುವವರಿಗೂ ಹಿತ. ಆದರೆ ಟೆಂಟ್ ಬಿಚ್ಚುವ ಮುನ್ನ ತಲೆಯೆತ್ತಿ ನೋಡಬೇಕು. ಎಲೆಯಿಲ್ಲದ ಮರ, ತೊಗಟೆ ಸುಲಿದ ಮರ, ಇನ್ನೊಂದರ ಕವಲಿಗೆ ಸಿಕ್ಕಿಕೊಂಡು ತೂಗುತ್ತಿರುವ ಕೊಂಬೆ ಇವುಗಳ ಎತ್ತರದಷ್ಟು ದೂರದೊಳಗೆ ಯಾರೂ ಮಲಗಬಾರದು. ಇದು ಬೇರೆಲ್ಲ ಅಪಾಯಕ್ಕಿಂತ ದೊಡ್ಡದು, ಕರಡಿಗಿಂತಲೂ ದೊಡ್ಡದು. ಎಮರಾಲ್ಡ್ ಆ್ಯಶ್ ಬೋರರ್ ಎಂಬ ಹಸಿರು ದುಂಬಿ 2002ರಲ್ಲಿ ಮಿಶಿಗನ್ನಿನಲ್ಲಿ ಪತ್ತೆಯಾದಂದಿನಿಂದ ಆ್ಯಶ್ ಮರಗಳು ಲೆಕ್ಕವಿಲ್ಲದಷ್ಟು ಸತ್ತಿವೆ. ಬೀಚ್ ಮರಗಳಿಗೆ ತೊಗಟೆ ರೋಗ ಹತ್ತಿದೆ. ರೋಗ ಬಂದ ಬೀಚ್ ಹೊರಗಿನಿಂದ ಹಸಿರಾಗಿದ್ದರೂ ನಡುವಿಗೆ ಮುರಿದು ಬೀಳಬಲ್ಲದು. ನುಣುಪಾದ ಬೂದು ತೊಗಟೆಯ ಮೇಲೆ ಸುಣ್ಣ ಚಿಮುಕಿಸಿದಂತೆ ಬಿಳಿ ಚುಕ್ಕೆಗಳಿದ್ದರೆ ಅಲ್ಲಿಂದ ಸರಿಯಬೇಕು.

ಮೇಲೆ ನೋಡಿದ್ದಾದ ಮೇಲೆ ಕೆಳಗೆ. ಬಟ್ಟಲಿನಂತೆ ತಗ್ಗಿದ ನೆಲದಲ್ಲಿ ಮಳೆ ನೀರು ನಿಲ್ಲುತ್ತದೆ. ಒಣಗಿದ ಎಲೆಗಳು ಒಂದೇ ದಿಕ್ಕಿಗೆ ಬಾಚಿದಂತೆ ಮಲಗಿದ್ದರೆ ಅದು ನೀರು ಹರಿದ ದಾರಿ. ಅಂಗೈಯನ್ನು ನೆಲಕ್ಕೆ ಒತ್ತಿ ಎತ್ತಿದರೆ ಚರ್ಮಕ್ಕೆ ತಂಪು ಅಂಟಿಕೊಂಡಿತೇ, ಬರಿಯ ಮರಳು ಅಂಟಿತೇ ಎಂಬುದರಲ್ಲೇ ರಾತ್ರಿಯ ಸುಖ ಅಡಗಿದೆ. ಟೆಂಟಿನ ಅಡಿಹಾಸು ಹಾಸಿ, ಅದರ ಮೇಲೆ ಒಮ್ಮೆ ಮಲಗಿ ನೋಡಿದರೆ ಇಳಿಜಾರು ಯಾವ ಕಡೆಗಿದೆ, ಬೇರು ಎಲ್ಲಿದೆ ಎಂದು ಬೆನ್ನಿಗೇ ಗೊತ್ತಾಗುತ್ತದೆ. ಸ್ಪ್ರೂಸ್, ಸೀಡರ್ ದಟ್ಟವಾಗಿ ಬೆಳೆದ, ಹಾವಸೆ ಹಸಿರಾಗಿರುವ ಕಡೆ ಎಂದರೆ ಜೌಗು ಹತ್ತಿರದಲ್ಲಿದೆ. ರಾತ್ರಿ ತಣ್ಣನೆಯ ಗಾಳಿ ಇಳಿದು ಸೇರುವುದೂ ಸೊಳ್ಳೆ ಕವಿಯುವುದೂ ಅಲ್ಲೇ. ಅಲ್ಲಿಂದ ಹತ್ತಿಪ್ಪತ್ತು ಅಡಿ ಎತ್ತರದ ದಿಬ್ಬಕ್ಕೆ ಏರಿದರೂ ಗಾಳಿಯಾಡಿ ಸೊಳ್ಳೆ ತಗ್ಗುತ್ತದೆ.

ಸುಪೀರಿಯರ್ ದಂಡೆಯ ಮಾತು ಬೇರೆ. ಸಂಜೆಯ ನೋಟಕ್ಕೆ ಮನಸೋತು ನೀರಿಗೆ ಹತ್ತಿರ ಟೆಂಟ್ ಹಾಕಿದವರನ್ನು ವಾಯವ್ಯದ ಗಾಳಿ ನಡುರಾತ್ರಿ ಎಬ್ಬಿಸುತ್ತದೆ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ, ಜುಲೈನಲ್ಲೂ ಬೆಚ್ಚನೆ ಬಟ್ಟೆ ಬೇಕಾಗುತ್ತದೆ. ಮರಗಳ ಮೊದಲ ಸಾಲಿನ ಹಿಂದೆ ತಂಗಿ ಸೂರ್ಯಾಸ್ತಕ್ಕೆ ದಂಡೆಗೆ ನಡೆದು ಹೋಗುವುದು ಜಾಣತನ. ಯಾವ ನೀರೇ ಆಗಲಿ ಅಂಚಿನಿಂದ 200 ಅಡಿ, ಅಂದರೆ ಎಪ್ಪತ್ತೆಂಬತ್ತು ಹೆಜ್ಜೆ ದೂರವಿರುವುದು ಎಲ್ಲ ಕಡೆಗೂ ಸಲ್ಲುವ ಲೆಕ್ಕ.

ನೀರು, ಶೌಚ, ಅನ್ನ

ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ನೀರೆಂದು ಎಣಿಸಬೇಕು. ಅನ್ನ ಸಾರು ಮಾಡಿ ಪಾತ್ರೆ ತೊಳೆಯುವ ಮನೆಯವರಿಗೆ ಅದು ಸಾಲದು. ಹತ್ತಿರದ ಕ್ಯಾಂಪ್‌ಗ್ರೌಂಡಿನ ಕೈಪಂಪಿನಲ್ಲಿ ಕ್ಯಾನ್ ತುಂಬಿಕೊಳ್ಳಬಹುದು. ಮೊದಲು ಕಬ್ಬಿಣದ ಕೆಂಪು ಬಂದು ಆಮೇಲೆ ತಿಳಿಯಾಗುತ್ತದೆ. ಹೊಳೆ, ಸರೋವರದ ನೀರು ಎಷ್ಟು ತಿಳಿಯಾಗಿ ಕಂಡರೂ ಜಿಯಾರ್ಡಿಯಾ ಎಂಬ ಪರೋಪಜೀವಿಯ ಭಯವಿದೆ. ಒಂದು ನಿಮಿಷ ಕೊತಕೊತ ಕುದಿಸಬೇಕು, ಇಲ್ಲವೆ ಸೋಸುವ ಸಾಧನ ಬಳಸಬೇಕು.

ಬಿಡಿ ಬಿಡಾರದಲ್ಲಿ ಶೌಚಕ್ಕೆ ನೀರು, ದಾರಿ, ಟೆಂಟ್ ಮೂರರಿಂದಲೂ 200 ಅಡಿ ದೂರದಲ್ಲಿ ಆರರಿಂದ ಎಂಟು ಅಂಗುಲ ಆಳದ ಗುಂಡಿ ತೋಡಿ ಮುಚ್ಚಬೇಕು. ಚೊಂಬಿನ ಅಭ್ಯಾಸವಿರುವವರು ನೀರನ್ನು ಅಲ್ಲಿಗೇ ಒಯ್ಯಬೇಕು, ಹೊಳೆಗೆ ಇಳಿಯಬಾರದು. ಪಾತ್ರೆ ತೊಳೆದ ನೀರಿಗೂ ಇದೇ ದೂರ. ಸೋಪು ಗಿಡಮೂಲಿಕೆಯದೇ ಆದರೂ ಸರೋವರಕ್ಕೆ ಸೇರಬಾರದು.

ಇಲ್ಲಿರುವುದು ಕಪ್ಪು ಕರಡಿ. ಮನುಷ್ಯರನ್ನು ಕಂಡರೆ ಸಾಮಾನ್ಯವಾಗಿ ದೂರ ಸರಿಯುತ್ತದೆ, ಆದರೆ ಅದರ ಮೂಗು ಬಲು ಚುರುಕು. ಇಂಗಿನ ಒಗ್ಗರಣೆ, ಹುರಿದ ಈರುಳ್ಳಿ, ತುಪ್ಪದ ವಾಸನೆ ಬಟ್ಟೆಗೆ ಅಂಟಿ ಟೆಂಟಿನೊಳಕ್ಕೂ ಬರುತ್ತದೆ. ಆದ್ದರಿಂದ ಟೆಂಟಿನ ಜಾಗ ಆರಿಸುವಾಗಲೇ ಅಡುಗೆಯ ಜಾಗವನ್ನೂ ಗಾಳಿ ಬೀಸಿ ಹೋಗುವ ಕಡೆಗೆ, ಟೆಂಟಿನಿಂದ ದೂರಕ್ಕೆ ಗುರುತಿಸಬೇಕು. ಅಡುಗೆಯಲ್ಲಿ ತೊಟ್ಟ ಬಟ್ಟೆ, ಉಳಿದ ಅನ್ನ, ಕಸ, ಟೂತ್‌ಪೇಸ್ಟ್ ಎಲ್ಲವೂ ರಾತ್ರಿ ಕಾರಿನೊಳಗೆ ಹೋಗಲಿ, ಗಾಜು ಪೂರ್ತಿ ಮುಚ್ಚಿರಲಿ. ನಡೆದು ಹೋಗಿ ತಂಗುವವರಿಗೆ ಕರಡಿ ತೆರೆಯಲಾಗದ ಡಬ್ಬಿಯೇ ಲೇಸು.

ಬೆಂಕಿ ಮತ್ತು ಹೊರಬರುವ ದಾರಿ

2012ರ ಮೇ ತಿಂಗಳಲ್ಲಿ ಲೂಸ್ ಕೌಂಟಿಯ ಡಕ್ ಲೇಕ್ ಬಳಿ ಸಿಡಿಲು ಬಡಿದು ಹತ್ತಿದ ಬೆಂಕಿ ಸುಮಾರು 21,000 ಎಕರೆ ಸುಟ್ಟು ಸುಪೀರಿಯರ್ ದಂಡೆಯವರೆಗೆ ಓಡಿತು. ಟೂ ಹಾರ್ಟೆಡ್ ನದಿ ಸರೋವರ ಸೇರುವ ಆ ಕಡೆಯಲ್ಲಿ ಅಂದಿನ ಸುಟ್ಟ ಮರದ ಮೋಟುಗಳ ನಡುವೆ ಈಗ ಎಳೆಯ ಪೈನ್ ಎದ್ದಿದೆ. ಜಾಕ್ ಪೈನ್ ಮರಗಳ ಒಣ ಮರಳುಸೀಮೆ ಹಾಗೆಯೇ: ಮೇ ತಿಂಗಳಲ್ಲಿ, ಹೊಸ ಹಸಿರು ಬರುವ ಮುಂಚೆ, ಕಿಡಿಗೆ ಕಾದು ಕೂತಿರುತ್ತದೆ. ಹೊರಡುವ ದಿನ ಬೆಳಗ್ಗೆ ಅಂದಿನ ಬೆಂಕಿಯ ಅಪಾಯದ ಮಟ್ಟವನ್ನು ಇಲಾಖೆಯಿಂದ ತಿಳಿದುಕೊಳ್ಳಬೇಕು. ಅಪಾಯ ಹೆಚ್ಚಿರುವ ದಿನ ಗ್ಯಾಸ್ ಒಲೆಯಲ್ಲೇ ಅಡುಗೆ ಮುಗಿಸುವುದು ಒಳಿತು. ಕಟ್ಟಿಗೆಯನ್ನು ಮನೆಯಿಂದ ಒಯ್ಯಲೇಬಾರದು; ಆ್ಯಶ್ ಮರ ಕೊಂದ ದುಂಬಿ ಊರಿಂದೂರಿಗೆ ಬೇಗ ಹಬ್ಬಿದ್ದು ಕಾರಿನ ಡಿಕ್ಕಿಯಲ್ಲಿಟ್ಟ ಸೌದೆಯ ಜೊತೆಗೂ ಹೌದು. ತಂಗುವ ಊರಿನ ಹತ್ತಿರವೇ ಕೊಳ್ಳಬೇಕು, ಬಿಡಿ ಬಿಡಾರದಲ್ಲಾದರೆ ನೆಲಕ್ಕೆ ಬಿದ್ದ ಒಣ ಕೊಂಬೆ ಆಯ್ದುಕೊಳ್ಳಬೇಕು. ಮಲಗುವ ಮುನ್ನ ಕೆಂಡದ ಮೇಲೆ ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿದು, ಕೊನೆಗೆ ಬೂದಿಯ ಹತ್ತಿರ ಕೈ ಹಿಡಿದರೂ ಕಾವು ತಾಗದಷ್ಟು ತಣ್ಣಗಾಗಿಸಬೇಕು. ಬೂದಿ ಮೇಲೆ ತಣ್ಣಗಿದ್ದು ಅಡಿಯ ಬೇರಿನಲ್ಲಿ ಬೆಂಕಿ ನಿಧಾನವಾಗಿ ಹರಿಯುವುದುಂಟು. ಹಾಗಾಗಿ ಬೆಂಕಿಗುಂಡಿ ಬೇರುಗಳ ಮೇಲೆ, ಕಪ್ಪು ಪೀಟ್ ಮಣ್ಣಿನ ಮೇಲೆ ಇರಬಾರದು. ಮರಳು ಕಾಣುವವರೆಗೆ ತರಗೆಲೆ ಸರಿಸಿದ ನೆಲವೇ ಸರಿ.

ಒಂದೇ ದಾರಿಯ ತುದಿಯಲ್ಲಿರುವ ಜಾಗಕ್ಕಿಂತ ಎರಡು ಕಡೆಗೆ ಹೊರಬರಬಹುದಾದ ಜಾಗ ಉತ್ತಮ. ಹೊಗೆ ಬಂದರೂ ಮರ ಬಿದ್ದು ರಸ್ತೆ ಮುಚ್ಚಿದರೂ ಇನ್ನೊಂದು ಬಾಗಿಲು ಇರುತ್ತದೆ. ಆರಿಸಿದ ಮೂರು ನಾಲ್ಕು ಜಾಗಗಳ ಗುರುತು, ವಾಪಸು ಬರುವ ದಿನ, ಕಾರಿನ ಸಂಖ್ಯೆ ಇವನ್ನು ಊರಿನಲ್ಲಿ ಇರುವ ಯಾರಿಗಾದರೂ ಬರೆದು ಕೊಟ್ಟು ಹೋಗಬೇಕು. ಎರಡು ಮೂರು ರಾತ್ರಿ ಒಳಗಿರುವವರು ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನ ಇಟ್ಟುಕೊಂಡರೆ ಮನೆಯವರಿಗೂ ನೆಮ್ಮದಿ. ಹೆದ್ದಾರಿ ಬಿಡುವ ಮುನ್ನ ಸಿಗುವ ಕೊನೆಯ ಬಂಕಿನಲ್ಲಿ ಪೆಟ್ರೋಲ್ ತುಂಬಿಸಬೇಕು, ಅರ್ಧ ಟ್ಯಾಂಕ್ ಇದೆಯೆಂದು ಮುಂದೆ ಹೋಗಬಾರದು. ಜಾಗ ತಲುಪಿದ ಮೇಲೆ ಮಾಡುವ ಮೊದಲ ಕೆಲಸ ಟೆಂಟ್ ಹಾಕುವುದಲ್ಲ. ಬೆಳಕಿರುವಾಗಲೇ ಕಾರನ್ನು ತಿರುಗಿಸಿ, ಮುಖ ಹೊರದಾರಿಗೆ ಮಾಡಿ, ಮುಂದೆ ಯಾವ ಸಾಮಾನೂ ಅಡ್ಡ ಬಾರದಂತೆ ನಿಲ್ಲಿಸಿ, ಬೀಗದ ಕೈ ಎಲ್ಲಿಟ್ಟಿದೆ ಎಂದು ಬಿಡಾರದಲ್ಲಿರುವ ದೊಡ್ಡವರಿಗೆಲ್ಲ ತಿಳಿಸುವುದು.